ಲಿಂಕಿನವನು

ಕಂಪ್ಯೂಟರೇ ಇವನ ಮೊದಲ ಹೆಂಡತಿ ಎಂದು ಲಿಂಕಿನವನ ಹೆಂಡತಿ ನಂಬಿದ್ದಳು. ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವ ಲಿಂಕುಗಳನ್ನು ವೆಬ್ ಪುಟದ ನೆತ್ತಿಯ ಮೇಲೆ ಸಾಲಾಗಿ ಕೂರಿಸುವುದು ಅವನ ಕೆಲಸ. ಯಾರಿಗೆ ಯಾವ ಲಿಂಕ್ ಬೇಕೋ ಅದು, ಅವರು ಹೇಳಿದ ಜಾಗದಲ್ಲಿ, ಅವರಿಟ್ಟ ಹೆಸರಿನಲ್ಲಿ. ಗುರುತಿಲ್ಲದವರನ್ನೂ ಫೋನಿನಲ್ಲಿ “ನಿಮಗೆ ಹೇಗೆ ಇಷ್ಟ ಹೇಳಿ, ಹಾಗೇ ಮಾಡೋಣ” ಎಂದು ಬೆಣ್ಣೆಯಂಥ ದನಿಯಲ್ಲಿ ಕೇಳುತ್ತಿದ್ದ. ಹೆಂಡತಿಯನ್ನು ಮಾತ್ರ ಒಂದು ದಿನವೂ ಹಾಗೆ ಕೇಳಲಿಲ್ಲ, ಹೆಸರು ಹಿಡಿದೂ ಕರೆಯಲಿಲ್ಲ. “ಏ ಇವಳೇ, ನೀರು” ಎಂದರೆ ಮುಗಿಯಿತು. ತಟ್ಟೆ ಮುಂದಿಟ್ಟರೂ ಕಣ್ಣು ಪರದೆ ಬಿಡುತ್ತಿರಲಿಲ್ಲ. “ಅದನ್ನೇ ಕಟ್ಕೋಬೇಕಿತ್ತು ನೀವು” ಎಂದು ಅವಳು ಸಿಡುಕಿದರೆ, “ಅದು ಎದುರು ಮಾತಾಡಲ್ಲ ಕಣೇ” ಎಂದು ನಗುತ್ತಿದ್ದ. ಅವನು ತೀರಿಕೊಂಡ ಮೇಲೆ ಜೊತೆ ಕೆಲಸದವನೊಬ್ಬ ಮನೆಗೆ ಬಂದು, ಆ ಕಂಪ್ಯೂಟರು ತೆರೆದು, ಅವನ ಸ್ವಂತ ಪುಟ ತೋರಿಸಿದ. ಸಾಲಿನ ಮೊದಲ ಲಿಂಕಿಗೆ ಎಲ್ಲರೂ ‘ಹೋಮ್’ ಎಂದು ಹೆಸರಿಡುತ್ತಾರಂತೆ. ಅವನು ‘ಇವಳೇ’ ಎಂದು ಇಟ್ಟಿದ್ದ. “ಎಲ್ಲೇ ಹೋಗಿದ್ರೂ ಇದನ್ನ ಒತ್ತಿದ್ರೆ ಮನೆ ಪುಟಕ್ಕೆ ವಾಪಸ್ ಬರ್ತೀವಿ ಅತ್ತಿಗೆ” ಎಂದ. ಅವಳು ಒತ್ತಿದಳು. ಪುಟ ತಟ್ಟನೆ ಬಂತು. ವಾಪಸ್ ಬರುವುದು ಇದಕ್ಕಾದರೂ ಗೊತ್ತಲ್ಲ ಎಂದು ಅವಳ ಹೊಟ್ಟೆ ಮತ್ತೆ ಉರಿಯಿತು.