ದೃಷ್ಟಿ ತೆಗೆಯದ ಭಾನುವಾರ

ಮೊನ್ನೆ ಲೀಡ್ಸ್‌ನ ನನ್ನ ಫ್ಲ್ಯಾಟಿನಲ್ಲಿ ಒಗ್ಗರಣೆಗೆ ಹಾಕಿದ ಒಣಮೆಣಸಿನಕಾಯಿ ಸೀದುಹೋಯಿತು. ಘಾಟಿಗೆ ಕೆಮ್ಮು ಬಂತು, ಹೊಗೆಯ ಅಲಾರ್ಮ್ ಅರಚಿಕೊಂಡಿತು. ಟವೆಲ್ ಬೀಸಿ ಅದರ ಬಾಯಿ ಮುಚ್ಚಿಸುವಷ್ಟರಲ್ಲಿ ನಾನು ಡರ್ಬಿಯ ನಮ್ಮ ಮನೆಯ ಅಡುಗೆಮನೆಯಲ್ಲಿದ್ದೆ. ಆ ಮನೆ ಈಗ ಬೇರೆಯವರದು. ಒಲೆಯ ಮೇಲೆ ಕಾದ ತವೆ, ಮೂಡಣಕ್ಕೆ ಮುಖ ಮಾಡಿ ಕುರ್ಚಿಯ ಮೇಲೆ ಕೂತ ನನ್ನ ತಮ್ಮ ಶಿವು, ಸ್ಟೂಲ್ ಹತ್ತಿ ಅಲಾರ್ಮ್‌ಗೆ ಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸುತ್ತಿದ್ದ ಅಪ್ಪ, ಬಾಗಿಲಲ್ಲಿ ನಿಂತು ಹೀಗೆ ಮಾಡು ಹಾಗೆ ಮಾಡು ಎನ್ನುತ್ತಿದ್ದ ಅವ್ವ. ನನ್ನ ಮುಷ್ಟಿಯಲ್ಲಿ ಉಪ್ಪು, ಮೆಣಸಿನಕಾಯಿ. ನಮ್ಮ ಮನೆಯಲ್ಲಿ ಶಿವೂನ ದೃಷ್ಟಿ ತೆಗೆಯುವ ಕೆಲಸ ನನ್ನದಾಗಿತ್ತು.

ಶಿವು ಐಸ್ ಹಾಕಿ ಆಟಗಾರ. ಹವ್ಯಾಸಕ್ಕಲ್ಲ, ಅದೇ ಅವನ ನೌಕರಿ. ಧಾರವಾಡದ ನಂಟರಿಗೆ ಇದನ್ನು ತಿಳಿಸುವುದರಲ್ಲಿ ಅವ್ವ ಪ್ರತಿ ಸಲ ಸುಸ್ತಾಗುತ್ತಿದ್ದಳು. ಬರ್ಫದ ಮೇಲೆ ಏನು ಆಟ, ಅದಕ್ಕೆ ಯಾರು ಸಂಬಳ ಕೊಡುತ್ತಾರೆ ಎಂದು ಅವರು ಕೇಳುತ್ತಿದ್ದರು. ಇದೆಲ್ಲ ಶುರುವಾದದ್ದು ನನ್ನಿಂದ, ಅದೂ ನನ್ನ ಹತ್ತನೆಯ ಹುಟ್ಟುಹಬ್ಬದಂದು. ಅಪ್ಪ ಡರ್ಬಿಯ ವಿಮಾನ ಎಂಜಿನ್ ಕಾರ್ಖಾನೆಯಲ್ಲಿ ಎಂಜಿನಿಯರ್. ಕ್ಲಾಸಿನ ಹುಡುಗಿಯರೆಲ್ಲ ನಾಟಿಂಗ್‌ಹ್ಯಾಮ್‌ನ ಐಸ್ ರಿಂಕ್‌ನಲ್ಲಿ ಪಾರ್ಟಿ ಮಾಡುತ್ತಾರೆಂದು ನಾನು ಹಟ ಹಿಡಿದೆ, ಅಪ್ಪ ಒಪ್ಪಿದ. ಮಕ್ಕಳು ಬೀಳದಂತೆ ಹಿಡಿದುಕೊಳ್ಳಲೆಂದು ಅಲ್ಲಿ ಇಟ್ಟಿದ್ದ ಪ್ಲಾಸ್ಟಿಕ್ ಪೆಂಗ್ವಿನ್ ಒಂದನ್ನು ತಬ್ಬಿಕೊಂಡು ನಾನು ಒಂದು ಸುತ್ತು ಮುಗಿಸುವಷ್ಟರಲ್ಲಿ, ಆರು ವರ್ಷದ ಶಿವು ಕಟಕಟೆ ಬಿಟ್ಟು ನಡುಮಧ್ಯಕ್ಕೆ ಹೋಗಿಬಿಟ್ಟಿದ್ದ. ಬಿದ್ದ, ಎದ್ದ, ನಕ್ಕ, ಮತ್ತೆ ಓಡಿದ. ಅಲ್ಲಿದ್ದ ಕೋಚ್ ಒಬ್ಬರು ಅಪ್ಪನ ಹತ್ತಿರ ಬಂದು ಅರ್ಧ ಗಂಟೆ ಮಾತಾಡಿದರು. ನನ್ನ ಕೇಕ್ ಕತ್ತರಿಸಿದ್ದು ಕಾರ್ ಪಾರ್ಕಿನಲ್ಲಿ, ಹೊರಡುವ ಗಡಿಬಿಡಿಯಲ್ಲಿ. ಫೋಟೋಗಳಲ್ಲಿ ನಾನಿಲ್ಲ, ಎಲ್ಲದರಲ್ಲೂ ಅವನೇ.

ಅಂದಿನಿಂದ ಮನೆ ಅವನ ಮನೆಯಾಯಿತು. ಫ್ರಿಜ್ ಮೇಲಿನ ವೇಳಾಪಟ್ಟಿಯಲ್ಲಿ ಅವನ ಪ್ರಾಕ್ಟೀಸ್‌ಗಳಿಗೆ ಕೆಂಪು ಶಾಯಿ. ಹಿಂದಿನ ಗಾಜಿನ ಕೋಣೆಯಲ್ಲಿ ನಾನು ಓದಲು ಕೂರುತ್ತಿದ್ದ ಜಾಗದಲ್ಲಿ ಅವನ ಒದ್ದೆ ಪ್ಯಾಡು, ಗ್ಲೌಸು, ಬೂಟು ಹರಡಿಕೊಂಡು ನಾರುತ್ತಿದ್ದವು. ಆ ನಾತ ಹೋಗಲಿ ಎಂದು ಅವ್ವ ಅಲ್ಲಿಗೇ ಊದುಬತ್ತಿ ತಂದು ಹಚ್ಚುತ್ತಿದ್ದಳು. ಬೆಳಗಿನ ಐದೂವರೆಗೆ ಸ್ವೆಟರ್ ಮೇಲೆ ಕೋಟು ಹಾಕಿಕೊಂಡು ಅವನನ್ನು ಕರೆದೊಯ್ಯುವವಳು, ನನ್ನ ಶಾಲೆಯಲ್ಲಿ ಕೆಮಿಸ್ಟ್ರಿ ಬಹುಮಾನ ಕೊಟ್ಟ ದಿನ ಬರಲಿಲ್ಲ. ಅವತ್ತು ಶೆಫೀಲ್ಡಿನಲ್ಲಿ ಅವನ ಮ್ಯಾಚಿತ್ತು. 'ನೀ ಶ್ಯಾಣ್ಯಾಕಿ ಇದ್ದೀ ಗೌರಿ, ನಿನಗ ಯಾರೂ ಬರೂದು ಬೇಕಾಗಿಲ್ಲ' ಅಂದಳು. ಹೀಗೆ ಜಾಣೆಯಾಗುವುದಕ್ಕಿಂತ ದೊಡ್ಡ ಶಿಕ್ಷೆ ಮನೆಯಲ್ಲಿ ಇನ್ನೊಂದಿರಲಿಲ್ಲ. ನನಗೆ ಹೊಟ್ಟೆಕಿಚ್ಚಿತ್ತು. ಅದಕ್ಕೆ ಬೇರೆ ಚಂದದ ಹೆಸರು ಹುಡುಕುವ ವಯಸ್ಸು ದಾಟಿದ್ದೇನೆ.

ಅಂಥ ನನ್ನ ಕೈಯಲ್ಲೇ ಅವ್ವ ಅವನ ದೃಷ್ಟಿ ತೆಗೆಸುತ್ತಿದ್ದಳು. ಒಡಹುಟ್ಟಿದ ಅಕ್ಕ ತೆಗೆದರೆ ಒಳ್ಳೆಯದೆಂದು ಅವಳ ಅವ್ವ ಹೇಳಿದ್ದಳಂತೆ. ಪ್ರತಿ ಮ್ಯಾಚ್ ಮುಗಿದ ಮೇಲೆ ಮೂರು ಸಲ ಇಳಿಸಿ, ಹಾದಿಯವರ ಕಣ್ಣು, ಬೀದಿಯವರ ಕಣ್ಣು, ಗೆದ್ದವರ ಕಣ್ಣು, ಸೋತವರ ಕಣ್ಣು ಎಂದು ಹೇಳಿ ತವೆಗೆ ಹಾಕಬೇಕು. ಘಾಟು ಬಂದರೆ ದೃಷ್ಟಿ ಇಲ್ಲ, ಬರದಿದ್ದರೆ ಬಹಳ ಆಗಿತ್ತೆಂದು ಅರ್ಥ. ಎಲ್ಲರ ಕಣ್ಣನ್ನೂ ಹೆಸರಿಸುತ್ತಿದ್ದೆ, ಮನೆಯವರ ಕಣ್ಣನ್ನು ಮಾತ್ರ ಬಾಯಿಗೆ ತರುತ್ತಿರಲಿಲ್ಲ. ಶಿವು ಕಣ್ಣು ಮುಚ್ಚಿ, ದೇವರ ಮುಂದೆ ಕೂತಂತೆ ಕೂರುತ್ತಿದ್ದ. ಹತ್ತೊಂಬತ್ತಕ್ಕೆ ವೃತ್ತಿಪರ ತಂಡ ಸೇರಿದ. ದೊಡ್ಡ ಸ್ಟಾರ್ ಏನಲ್ಲ, ಹಿಂದೆ ನಿಂತು ತಡೆಯುವ ಆಟಗಾರ. ಮುಂದಿನ ಎರಡು ಹಲ್ಲು ಹೋಗಿದ್ದವು, ಭುಜ ಎರಡು ಸಲ ಕಳಚಿತ್ತು. ಆದರೂ ಅವನು ಬರ್ಫಕ್ಕಿಳಿದರೆ ಪ್ರೇಕ್ಷಕರು ಡೋಲು ಬಡಿದು 'ಶಿವ್, ಶಿವ್' ಎಂದು ಕೂಗುತ್ತಿದ್ದರು. ಅವ್ವ ಮಾತ್ರ ಕಣ್ಣು ಮುಚ್ಚಿ ಕೂತು, ಪಕ್ಕದವರು ಎದ್ದಾಗ ತಾನೂ ಏಳುತ್ತಿದ್ದಳು. ನಾನು ನೌಕರಿಗೆ ಲೀಡ್ಸ್ ಸೇರಿದ ಮೇಲೂ, ಡರ್ಬಿಗೆ ಬಂದಾಗಲೆಲ್ಲ, ಆ ಆರಡಿ ಎರಡಿಂಚಿನ ಆಳು ಮನೆಗೆ ಬಂದು ಅದೇ ಕುರ್ಚಿಯ ಮೇಲೆ ಕೂತು, 'ಅಕ್ಕಾ, ಡೂ ದ ಚಿಲ್ಲಿ ಥಿಂಗ್' ಎನ್ನುತ್ತಿದ್ದ.

ಅಪ್ಪ ಅವ್ವ ಮದುವೆಯೊಂದಕ್ಕೆ ಧಾರವಾಡಕ್ಕೆ ಹೋಗಿದ್ದ ವಾರ ನಾನು ರಜೆ ಹಾಕಿ ಲೀಡ್ಸ್‌ನಿಂದ ಡರ್ಬಿಗೆ ಬಂದಿದ್ದೆ. ಭಾನುವಾರ ಅವ್ವನಿಗೆ ಫೋನ್ ಮಾಡಿ, ಆಸ್ಪತ್ರೆಯಲ್ಲಿ ನನ್ನನ್ನು ಫಾರ್ಮಸಿಯ ಮುಖ್ಯಸ್ಥೆ ಮಾಡಿದ್ದಾರೆ ಎಂದು ಹೇಳಿದೆ. 'ಛಲೋ ಆತವಾ' ಅಂದಳು, ಅದೇ ಉಸಿರಿನಲ್ಲಿ, 'ಇವತ್ತ ಶಿವೂನ ಮ್ಯಾಚ್ ಐತಿ, ಬಂದ ಕೂಡ್ಲೆ ದೃಷ್ಟಿ ತಗಿ, ಮರೀಬ್ಯಾಡ.' ಹನ್ನೆರಡು ವರ್ಷ ಓದಿ, ದುಡಿದು ಸಿಕ್ಕ ಕೆಲಸಕ್ಕೆ ಎರಡು ಶಬ್ದ. ಸಂಜೆ ಶಿವು ಗೆದ್ದು ಬಂದ. ಕೈಯಲ್ಲಿ ಸೂಪರ್ ಮಾರ್ಕೆಟ್ಟಿನ ಚಾಕೊಲೇಟ್ ಕೇಕ್, 'ಅವ್ವ ಟೋಲ್ಡ್ ಮಿ, ಬಾಸ್ ಲೇಡಿ' ಎಂದು ಅದನ್ನು ಮೇಜಿನ ಮೇಲಿಟ್ಟು, ತಾನಾಗಿಯೇ ಹೋಗಿ ಮೂಡಣಕ್ಕೆ ಮುಖ ಮಾಡಿ ಕೂತ. ಆ ಕೂತ ರೀತಿಗೇ ನನ್ನ ಮೈ ಉರಿಯಿತು. ಕೇಕ್ ತಂದರೂ ಕುರ್ಚಿ ನಿನ್ನದೇ ಅಲ್ಲವಾ ಎನ್ನಿಸಿತು. 'ಇವತ್ತ ಆಗಂಗಿಲ್ಲ ಶಿವು, ಸುಸ್ತಾಗೇತಿ' ಅಂದೆ. ಒಂದು ಗಳಿಗೆ ನನ್ನ ಮುಖ ನೋಡಿದ. 'ನೋ ವರೀಸ್, ಅಕ್ಕಾ' ಎಂದು ಎದ್ದು, ತಟ್ಟೆ ಚಮಚ ತೆಗೆದ.

ಸೋಮವಾರ ಬೆಳಿಗ್ಗೆ ಅವನು ರಿಂಕ್‌ಗೆ, ಸಣ್ಣ ಮಕ್ಕಳಿಗೆ ಕಲಿಸಲು ಹೋದ. ಅವನು ಹೋದ ಸ್ವಲ್ಪ ಹೊತ್ತಿಗೆ ಅವ್ವನ ಫೋನ್ ಬಂತು. 'ತಗದಿಯೇನವಾ?' 'ಹೂಂ, ತಗದೆ' ಅಂದೆ. 'ಘಾಟ ಬಂತೇನು?' 'ಬಂತು.' ಶಿವು ರಿಂಕ್‌ನಿಂದ ಮರಳಿ ಬರುವಾಗ ಮಳೆಯಲ್ಲಿ ಜಾರಿದ ವ್ಯಾನೊಂದು ಗೆರೆ ದಾಟಿ ಅವನ ಕಾರಿಗೆ ಬಡಿಯಿತು. ಇಪ್ಪತ್ತೊಂದು ವರ್ಷ ಬೀಳುವುದನ್ನೇ ಕಸುಬು ಮಾಡಿಕೊಂಡಿದ್ದವನು ಸುಮ್ಮನೆ ಸೀಟಿನಲ್ಲಿ ಕೂತಿದ್ದಾಗ ಹೋದ. ಪೊಲೀಸಿನವರು ಬಾಗಿಲು ಬಡಿದಾಗ ನಾನು ಅವನ ಕೇಕಿನ ಉಳಿದ ತುಂಡು ತಿನ್ನುತ್ತಿದ್ದೆ.

ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ತಂಡದ ಹುಡುಗರೇ ಅವನನ್ನು ಹೊತ್ತರು. ಧಾರವಾಡದಿಂದ ಮರಳಿದ್ದ ಅವ್ವ ವಿಭೂತಿಯ ಗಟ್ಟಿ ಹಿಡಿದು ನಿಂತಳು. ಆ ದೈತ್ಯ ಹುಡುಗರು ಸಾಲಾಗಿ ಬಂದು, ಸೊಂಟ ಬಗ್ಗಿಸಿ ಅವಳ ಮುಂದೆ ಹಣೆಯೊಡ್ಡಿ, ಹಚ್ಚಿಸಿಕೊಂಡು ಅಳುತ್ತ ಹೋದರು. ನಾನು ಸತ್ತರೆ ಇಷ್ಟು ಜನ ಬರುತ್ತಾರಾ ಎಂದು ಎಣಿಸುತ್ತ ನಿಂತಿದ್ದೆ. ನಾಚಿಕೆಗೇಡಿನ ಮಾತು, ಆದರೆ ಸುಳ್ಳಲ್ಲ.

ನಾನು ಔಷಧದ ವಿದ್ಯೆ ಕಲಿತವಳು. ಉಪ್ಪು ಮೆಣಸಿನಕಾಯಿಗೆ ವ್ಯಾನು ನಿಲ್ಲುವುದಿಲ್ಲ ಎಂದು ಗೊತ್ತು. ಆದರೂ ಎರಡು ವರ್ಷ ಆ 'ಹೂಂ, ತಗದೆ' ಸುಳ್ಳೆಂದು ಯಾರಿಗೂ ಹೇಳಲಿಲ್ಲ. ಮನೆ ಮಾರಿ ಅಪ್ಪ ಅವ್ವ ಸಣ್ಣ ಫ್ಲ್ಯಾಟಿಗೆ ಹೊರಟಾಗ ಅಡುಗೆಮನೆ ಖಾಲಿ ಮಾಡಲು ಹೋಗಿದ್ದೆ. ಅವ್ವ ಡಬ್ಬಿಗಳನ್ನು ಹಳೆ ಪೇಪರಿನಲ್ಲಿ ಸುತ್ತುತ್ತಿದ್ದಳು. ಇನ್ನು ಈ ಮನೆಯಲ್ಲಿ ಹೇಳದಿದ್ದರೆ ಎಲ್ಲಿಯೂ ಹೇಳಲಾರೆ ಎನ್ನಿಸಿತು.

'ಅವ್ವಾ, ಅವತ್ತ ನಾ ಶಿವೂನ ದೃಷ್ಟಿ ತಗೀಲಿಲ್ಲ. ನಿನಗ ಸುಳ್ಳ ಹೇಳಿದೆ.'

ಅವ್ವ ಕೈ ನಿಲ್ಲಿಸಲಿಲ್ಲ. 'ಗೊತ್ತೈತಿ' ಅಂದಳು. 'ಮರುದಿನ ಮುಂಜಾನೆ, ನಾ ನಿನಗ ಫೋನ್ ಮಾಡೂಕಿಂತ ಮೊದಲ, ಅಂವಾ ಫೋನ್ ಮಾಡಿದ್ದ. “ಅಕ್ಕಗ ದಣಿವಾಗಿತ್ತು, ನಾನ ಬ್ಯಾಡ ಅಂದೆ, ಆಕಿಗೆ ಬೈಬ್ಯಾಡ” ಅಂದಿದ್ದ.'

ಗೊತ್ತಿದ್ದೂ ಕೇಳಿದ್ದಳು. ಕೇಳಿ, ನನ್ನ ಸುಳ್ಳನ್ನೂ ಘಾಟನ್ನೂ ಸುಮ್ಮನೆ ಕೇಳಿಸಿಕೊಂಡು, ಎರಡು ವರ್ಷ ನನಗೆ ಊಟ ಬಡಿಸಿದ್ದಳು.

'ನನ್ನ ಮ್ಯಾಲೆ ಸಿಟ್ಟಿಲ್ಲೇನ ನಿನಗ?'

'ಐತಿ' ಅಂದಳು ಅವ್ವ, ಸಾಸಿವೆ ಡಬ್ಬಿಯ ಮುಚ್ಚಳ ಬಿಗಿ ಮಾಡುತ್ತ. 'ಆದರ ಬೈಬ್ಯಾಡ ಅಂದು ಹೋಗ್ಯಾನ ನನ್ನ ಮಗ. ಬೈಯಂಗಿಲ್ಲ.'

ನನಗೆ ಬೈಯದೆ ಇದ್ದದ್ದೂ ಅವನಿಗಾಗಿ. ಒಂದು ಸಲ ಬಾಯಿ ತುಂಬ ಬೈದಿದ್ದರೆ, ಅದಾದರೂ ನನ್ನದಾಗಿರುತ್ತಿತ್ತು.