ಮೂರು ಮಗ್ಗಕ್ಕೆ ಒಂದೇ ದಡಿ

ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಇಚಲಕರಂಜಿಯಲ್ಲಿ ಕಂಡವರ ಮಗ್ಗದ ಮುಂದೆ ವರ್ಷಗಟ್ಟಲೆ ನಿಂತು, ಅರವತ್ತರ ದಶಕದ ಮೊದಲಿಗೆ ಬಾಡಿಗೆಯ ತಗಡಿನ ಶೆಡ್ಡಿನಲ್ಲಿ ಸ್ವಂತ ಪಾವರಲೂಮ್ ಹಾಕಿದೆ. ಮೂರು ಮಗ್ಗ, ಮೂರು ಕಡೆಯವು. ಒಂದು ಕೊಲ್ಹಾಪುರದ ಕಾರಖಾನೆಯದು, ಒಂದು ಮುಂಬಯಿಯ ಯಾವುದೋ ಗಿರಣಿ ಭಂಗಾರಕ್ಕೆ, ಅಂದರೆ ಗುಜರಿಗೆ, ಹಾಕಿದ್ದು, ಇನ್ನೊಂದನ್ನು ಊರೊಳಗೇ ಬಿಡಿಭಾಗ ಕೂಡಿಸಿ ಕಟ್ಟಿದ್ದರು. ಆಗ ಸಿಕ್ಕಿದ್ದನ್ನು ತರುವುದೇ ರೂಢಿ. ಮಗ್ಗ ಅಂದರೆ ಮಗ್ಗ, ಎಲ್ಲ ಒಂದೇ ಎಂದುಕೊಂಡಿದ್ದೆ.

ಸೀರೆಯ ದಡಿಗೆ ಚಿತ್ತಾರ ಬರಬೇಕಾದರೆ ಮಗ್ಗದ ನೆತ್ತಿಯ ಮೇಲೆ ಡಾಬಿ ಎಂಬ ಸಲಕರಣೆ ಬೇಕು. ಅದರಲ್ಲಿ ಕಟ್ಟಿಗೆಯ ಪಟ್ಟಿಗಳ ಸರಪಳಿ ತಿರುಗುತ್ತದೆ. ಪಟ್ಟಿಯ ತೂತಿಗೆ ಗೂಟ ಬಡಿದಲ್ಲಿ ಎಳೆ ಏಳುತ್ತದೆ, ಬಡಿಯದಲ್ಲಿ ಕೆಳಗೇ ಉಳಿಯುತ್ತದೆ. ಯಾರನ್ನೂ ಕೇಳದೆ, ಕೊಲ್ಹಾಪುರದ ಮಗ್ಗದ ಮೇಲೆ ನಾನೇ ಗೂಟ ಬಡಿದು ಒಂದು ಎಲೆಬಳ್ಳಿ ತೆಗೆದಿದ್ದೆ. ಅದನ್ನು ನೋಡಿದ ಗಡಹಿಂಗ್ಲಜದ ಜವಳಿ ಸಾವ್ಕಾರರು ಲಗ್ನದ ಸುಗ್ಗಿಗೆ ಅದೇ ದಡಿಯ ಸೀರೆ ಕೇಳಿದರು. ಬೀಗರ ಹೆಂಗಸರೆಲ್ಲ ಒಂದೇ ನಮೂನೆ ಉಡುತ್ತಾರೆ, ಒಂದಕ್ಕೊಂದು ಕೂಡಬೇಕು ಅಂದರು. ನನ್ನ ಬಳ್ಳಿ ಅಂಗಡಿಯಲ್ಲಿ ತೂಗುತ್ತದೆ, ಇನ್ನು ಮುಂದೆ ಕೂಲಿಯವನಂತೆ ಬದುಕಬೇಕಿಲ್ಲ ಎಂದು ಹೂಂ ಅಂದೆ. ಸರಪಳಿ ಒಂದಿದೆ, ಅದರಂತೆ ಇನ್ನೆರಡು ಮಾಡಿದರಾಯಿತು.

ಮುಂಬಯಿಯ ಮಗ್ಗಕ್ಕೆ ಅದು ಕೂರಲೇ ಇಲ್ಲ, ತೂತಿನ ಅಂತರವೇ ಬೇರೆ. ಬಡಿಗನಿಂದ ಹೊಸ ಪಟ್ಟಿ ಕೊಯ್ಯಿಸಿ ಮೊದಲಿಂದ ಗೂಟ ಬಡಿದೆ. ಮೂರನೆಯದಕ್ಕೆ ಕೂತಿತು, ಆದರೆ ಅದರ ಡಾಬಿ ತಿರುವುಮುರುವು ತಿರುಗುತ್ತಿತ್ತು. ಮುಂದಕ್ಕೆ ಬಾಗಬೇಕಾದ ಎಲೆ ಹಿಂದಕ್ಕೆ ಬಾಗಿತು. ಗೂಟ ಕಿತ್ತು ಮತ್ತೆ ಬಡಿದೆ. ಕೊಲ್ಹಾಪುರಕ್ಕೆ ಹೋಗಿ ಮೂರಕ್ಕೂ ಹೊಂದುವ ಸರಪಳಿ ಸಿಗುತ್ತದೆಯೇ ಎಂದು ಕಾರಖಾನೆಯ ಮಿಸ್ತ್ರಿಯನ್ನು ಕೇಳಿದರೆ ಆತ ಬೀಡಿ ಹಚ್ಚಿಕೊಂಡು ಹೇಳಿದ:

"ನಮ್ಮ ಮಗ್ಗಕ್ಕ ನಮ್ಮ ಸರಪಳಿ, ಅವರ ಮಗ್ಗಕ್ಕ ಅವರ ಸರಪಳಿ, ಮಾಲಕ. ಎಲ್ಲಾರದೂ ಒಂದ ಅಳತಿ ಆತಂದ್ರ ನಮ್ಮ ಬಾಗಲಿಗೆ ಯಾರ ಬರ್ತಾರ್ರಿ?"

ಸಾವ್ಕಾರರು ನಡುವೆ ಎಲೆ ತುಸು ಸಣ್ಣದಾಗಲಿ ಎಂದು ಹೇಳಿಕಳಿಸಿದರು. ಅವರಿಗೆ ಒಂದು ಮಾತು, ನನಗೆ ಮೂರು ಸರಪಳಿ. ಬೆರಳ ತುದಿ ಒಡೆದು ಊಟ ಕಲಸುವಾಗ ಖಾರ ಹತ್ತುತ್ತಿತ್ತು.

ಕಡೆಗೆ ಅವರೇ ಬಂದರು. ಮೂರು ಮಗ್ಗದ ಮೂರು ಸೀರೆ ಚಾಪೆಯ ಮೇಲೆ ಹಾಸಿಸಿದರು. ಬಟ್ಟೆ ಸುತ್ತುವ ಗಾಲಿಯ ಹಲ್ಲು ಮೂರು ಮಗ್ಗದಲ್ಲೂ ಬೇರೆ, ಹಾಗಾಗಿ ಎಳೆ ಎಳೆಯ ನಡುವಿನ ಅಂತರವೂ ಬೇರೆ. ಒಂದರಲ್ಲಿ ಎಲೆ ಉದ್ದ, ಒಂದರಲ್ಲಿ ಮೊಂಡು. ದಡಿಗೆ ದಡಿ ಹಚ್ಚಿ ನೋಡಿ ಅಂದರು:

"ಅಕ್ಕತಂಗ್ಯಾರ ಇದ್ದಂಗ ಅದಾವ್ರಿ ಇವು. ನಾ ಕೇಳಿದ್ದು ಅವಳಿಜವಳಿ."

ಕೊಲ್ಹಾಪುರದ ಮಗ್ಗದ್ದಷ್ಟೇ ಒಯ್ಯಿರಿ ಎಂದು ಕೇಳಿಕೊಂಡೆ. ಒಂದೇ ಮಗ್ಗ ನೇಯ್ದು ಮುಗಿಸುವುದರೊಳಗೆ ಸುಗ್ಗಿ ದಾಟುತ್ತದೆ ಎಂದು ಅವರು ಎದ್ದು ಚಪ್ಪಲಿ ಮೆಟ್ಟಿದರು. ಅದು ಸುಳ್ಳೇನಲ್ಲ.

ನೂಲಿನ ಕಂಡಿಕೆ ಸುತ್ತುತ್ತಿದ್ದ ಹೆಂಡತಿ ತಲೆ ಎತ್ತದೆಯೇ ಅಂದಳು:

"ಎಲಿ ಬಿಟ್ಟಬಿಡ್ರಿ. ಮಾಂಜರಪಾಟ ಹಾಕ್ರಿ. ಬರೇ ಬಿಳಿ ಅರಬಿಗೆ ಯಾ ಮಗ್ಗಾನೂ ತಕರಾರ ಮಾಡೂದಿಲ್ಲ."

ಸ್ಟೂಲು ಹತ್ತಿ ನಿಂತು ಮೂರೂ ಡಾಬಿ ಬಿಚ್ಚಿದೆ. ಆ ವಾರ ಮೂರು ಮಗ್ಗದಿಂದಲೂ ಒಂದೇ ತೆರನಾದ ಬಿಳಿ ಬಟ್ಟೆ ಇಳಿಯಿತು. ದಲಾಲ ಬಂದು ಗಜ ಹಾಕಿ, ಮಡಚಿ, ಬೇರೆ ಶೆಡ್ಡುಗಳ ಬಟ್ಟೆಯ ತಾನುಗಳ ಮೇಲೆ ನನ್ನದನ್ನೂ ಒಟ್ಟಿಕೊಂಡು ಹೋದ. ಗಾಡಿಯಲ್ಲಿ ನನ್ನದು ಯಾವುದೆಂದು ನನಗೇ ತಿಳಿಯಲಿಲ್ಲ.