ಕೆಂಪು ಗೆರೆಯ ಕಲ್ಲು

ಬಾಟಲಿ ಕಾರ್ಖಾನೆಯಲ್ಲಿ ಅವಳ ಗಂಡನ ಕೆಲಸ ದೋಷ ಹುಡುಕುವುದು. ಬೆಳಕಿನ ಮುಂದೆ ಸಾಲಾಗಿ ಸಾಗುವ ಬಾಟಲಿಗಳಲ್ಲಿ ಗುಳ್ಳೆ, ಸೀಳು ಕಂಡರೆ ಎತ್ತಿ ಪಕ್ಕಕ್ಕೆಸೆಯಬೇಕು. ಸಂಬಳ ಬರುತ್ತಿದ್ದುದೇ ಅದಕ್ಕೆ, ಸರಿ. ಆದರೆ ಆ ಕಣ್ಣನ್ನು ಅವನು ಗೇಟಿನಲ್ಲಿ ಬಿಟ್ಟು ಬರುತ್ತಿರಲಿಲ್ಲ. ಊಟಕ್ಕೆ ಉಪ್ಪು ಹೆಚ್ಚು, ಮಗಳ ಅಕ್ಷರ ಸೊಟ್ಟ, ಹೆಂಡತಿ ಹೊಲಿದ ಕಾಲರು ಒಂದು ನೂಲು ಎಡಕ್ಕೆ. ಮೊಸರಲ್ಲಿ ಕಲ್ಲು ಹುಡುಕುವವನನ್ನು ಕಟ್ಟಿಕೊಂಡೆ ಎಂದು ಅವಳು ನಗುತ್ತಿದ್ದಳು, ನಗು ಬರುತ್ತಿದ್ದ ಕಾಲದಲ್ಲಿ.

ಆಮೇಲೆ ಅವನಿಗೆ ನಿಜವಾದ ಕಲ್ಲಿನ ಹುಚ್ಚೇ ಹತ್ತಿತು. ರಜೆ ಬಂದರೆ ಜರಡಿ ಹಿಡಿದು ಹೊಳೆ ದಂಡೆಗೆ. ಬೆಳಕು ಹಾಯುವ ಚೂರುಗಳನ್ನು ಆರಿಸಿ ತಂದು, ಕಡ್ಡಿಯ ತುದಿಗೆ ಅರಗಿನಿಂದ ಅಂಟಿಸಿ, ಸಾಣೆಗೆ ಹಿಡಿದು ಉಜ್ಜಿ ಹೊಳೆಯುವ ಮುಖಗಳನ್ನು ತೆಗೆಯುತ್ತಿದ್ದ. ಸಾಣೆ ತಿರುಗಲು ಮೋಟಾರು ಬೇಕಲ್ಲ? ಹೆಂಡತಿಯ ಹೊಲಿಗೆ ಯಂತ್ರದ್ದನ್ನೇ ಬಿಚ್ಚಿದ.

"ಎರಡು ದಿನ ಕಣೇ, ಆಮೇಲೆ ವಾಪಸ್ ಹಾಕ್ತೀನಿ."

ಅಂದಿನಿಂದ ಬೀದಿಯವರ ಬಟ್ಟೆಯನ್ನೆಲ್ಲ ಅವಳು ಕಾಲಲ್ಲೇ ತುಳಿದು ಹೊಲಿದಳು. ಮಂಡಿ ಸವೆಯಿತು, ಮೋಟಾರು ಬರಲಿಲ್ಲ.

ಅವನು ಅಷ್ಟೆಲ್ಲ ಜಾಲಾಡಿದರೂ ಒಳ್ಳೆಯ ಕಲ್ಲು ಸಿಕ್ಕಿದ್ದು ಅವಳಿಗೆ. ಒಮ್ಮೆ ಬುತ್ತಿ ಕೊಡಲು ದಂಡೆಗೆ ಹೋದವಳು ಕೈ ತೊಳೆಯಲು ಬಗ್ಗಿದಾಗ ಕಂಡಿತು. ಹುಣಸೆಬೀಜಕ್ಕಿಂತ ದಪ್ಪ, ಜೇನಿನ ಬಣ್ಣ, ಒಳಗೊಂದು ಕೆಂಪು ಗೆರೆ, ಥೇಟ್ ದಾರದ ತುಂಡಿನಂತೆ. ಬಾಳೆಲ್ಲ ದಾರದ ಜೊತೆ ಏಗಿದವಳಿಗೆ ಅದನ್ನು ತನಗೆಂದೇ ಯಾರೋ ಒಳಗಿಟ್ಟಂತೆ ಅನ್ನಿಸಿತು. ಗಂಡನ ಹತ್ತಿರ ಅವಳು ಎಂದೂ ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಅಂದು ಕೇಳಿದಳು.

"ಇದನ್ನ ನಂಗೊಂದು ಉಂಗುರಕ್ಕೆ ಮಾಡ್ಕೊಡ್ರೀ. ಆ ದಾರ ಮಾತ್ರ ಹಂಗೇ ಇರ್ಲಿ."

"ದಾರ ಅಲ್ಲ ಅದು, ದೋಷ," ಎಂದ ಅವನು, ಕಲ್ಲನ್ನು ಬಿಸಿಲಿಗೆ ಹಿಡಿದು.

"ಇರ್ಲಿ ಬಿಡಿ. ನಂಗದೇ ಬೇಕು."

"ಸರಿ, ಸರಿ. ಮುಟ್ಟಲ್ಲ."

ಅವಳು ಆಸೆ ತಾಳಲಾರದೆ ಬೆಳ್ಳಿಯ ಉಂಗುರವನ್ನೂ ಮಾಡಿಸಿ, ನಡುವೆ ಕಲ್ಲು ಕೂರುವ ಗೂಡನ್ನು ಖಾಲಿ ಬಿಡಿಸಿದಳು.

ವಾರಗಟ್ಟಲೆ ಹಿಂದಿನ ಕೋಣೆಯಲ್ಲಿ ಸಾಣೆ ಗೊರಗುಟ್ಟಿತು. ಕಲ್ಲು ಆಕಾರಕ್ಕೆ ಬಂದು ಹೊಳೆಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು, "ಸಾಕು, ಕೊಡಿ" ಎಂದು ಅವಳೂ ಬಾಗಿಲಲ್ಲಿ ನಿಂತು ಹೇಳಿದ್ದಳು. ಆದರೆ ಮಹಾರಾಯನಿಗೆ ಭೂತಗನ್ನಡಿಯಲ್ಲಿ ಗೆರೆ ಕಾಣುತ್ತಿತ್ತು. ಒಂದು ಕೂದಲೆಳೆ ಸವೆಸಿದರೆ ಹೋದೀತು ಎಂದುಕೊಂಡ. ಗೆರೆ ಇನ್ನೂ ಒಳಗಿತ್ತು. ಅವನೂ ಸವೆಸುತ್ತ ಒಳಕ್ಕೆ ಹೋದ. ಒಂದು ಬದಿ ಸವೆಸಿದರೆ ಇನ್ನೊಂದು ಬದಿ ಸೊಟ್ಟ, ಅದನ್ನು ಸರಿಮಾಡಲು ಮತ್ತೆ ಸಾಣೆ. ಜೇನಿನ ಬಣ್ಣವೆಲ್ಲ ಸಾಣೆಯಡಿಯ ತಟ್ಟೆಯ ನೀರಿನಲ್ಲಿ ಬೂದು ಕೆಸರಾಗಿ ಕೂತಿತು.

ಒಂದು ಸಂಜೆ ಬಂದು ಅಂಗೈ ಚಾಚಿದ. ಮದುವೆಯ ದಿನವೂ ಆ ಮುಖದಲ್ಲಿ ಅಷ್ಟು ಕಳೆ ಇರಲಿಲ್ಲ.

"ನೋಡು! ಎಷ್ಟು ಹುಡುಕಿದ್ರೂ ಒಂದು ದೋಷ ಸಿಗಲ್ಲ."

ಅವಳು ಕನ್ನಡಕ ಏರಿಸಿ ಬಗ್ಗಿದಳು. ಎಳ್ಳಿನಷ್ಟು ಏನೋ ಮಿನುಗಿತು. ಉಂಗುರದ ಗೂಡಿಗೆ ಹಾಕಿದರೆ ಉದುರಿಹೋಗುವಂಥದ್ದು.

"ದಾರ ಎಲ್ಲಿ?"

"ಅದನ್ನೇ ತೆಗೆದಿದ್ದು! ಎಷ್ಟು ಕಷ್ಟ ಆಯ್ತು ಗೊತ್ತಾ?"

ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ತನ್ನನ್ನೂ ಮಗಳನ್ನೂ ಇವನು ಹೀಗೇ ಸವೆಸಿದ. ಸ್ಕ್ರೂಡ್ರೈವರ್ ಹಿಡಿದು ನೇರ ಹಿಂದಿನ ಕೋಣೆಗೆ ನಡೆದು ಸಾಣೆಯ ಮೋಟಾರನ್ನು ಬಿಚ್ಚಿದಳು.

"ಏಯ್, ಅದು ಬೇಕು ನಂಗೆ!"

"ನಂಗೂ ಬೇಕಿತ್ತು."

ಮೋಟಾರನ್ನು ತನ್ನ ಯಂತ್ರಕ್ಕೆ ಕೂರಿಸಿ, ಬಟ್ಟೆ ಇಟ್ಟು ಒತ್ತಿದಳು. ಅಭ್ಯಾಸ ತಪ್ಪಿದ ಕೈ, ಬಟ್ಟೆ ಓಡಿತು. ಅವನು ಹಿಂದೆಯೇ ಬಂದು ಭುಜದ ಮೇಲಿಂದ ಬಗ್ಗಿ ನೋಡಿದ.

"ಹೊಲಿಗೆ ಸೊಟ್ಟ ಹೋಗ್ತಿದೆ ಕಣೇ."

ಸೊಟ್ಟ ಹೋಗಿತ್ತು, ನಿಜ. ಅವಳು ಬಟ್ಟೆಯನ್ನು ಹಾಗೇ ಮುಂದಕ್ಕೆ ತಳ್ಳಿದಳು. ಮೋಟಾರಿನ ಸದ್ದಿನಲ್ಲಿ ಅವನ ಮುಂದಿನ ಮಾತು ಕೇಳಿಸಲಿಲ್ಲ.